ಹಳೇ ಕಾರಿಗೆ ಹೊಸ ಫ್ಲೋಟ್: ಪೆಟ್ರೋಲ್ ಮುಳ್ಳು ಯಾಕೆ ಸುಳ್ಳು ಹೇಳುತ್ತದೆ?

ಅಂಬಾಸಿಡರ್ ಇರಲಿ, ಪ್ರೀಮಿಯರ್ ಪದ್ಮಿನಿ ಇರಲಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ಹಳೇ ಜೀಪ್ ಇರಲಿ, ದೂರು ಮಾತ್ರ ಒಂದೇ ಥರ. ಫ್ಲೋಟ್ ಹೊಸದು ಹಾಕಿಸಿ ಟ್ಯಾಂಕ್ ಫುಲ್ ಮಾಡಿಸಿದರೂ ಮುಳ್ಳು ಮುಕ್ಕಾಲಿಗೇ ನಿಲ್ಲುತ್ತದೆ. ಇಲ್ಲವೇ ದಾವಣಗೆರೆಯಿಂದ ಹೊರಟಾಗ ಕಾಲು ಟ್ಯಾಂಕ್ ತೋರಿಸಿದ ಗಾಡಿ ಚಿತ್ರದುರ್ಗ ಮುಟ್ಟುವ ಮೊದಲೇ, ಭರಮಸಾಗರದ ಹತ್ತಿರ, ಪೆಟ್ರೋಲ್ ಇಲ್ಲದೆ ನಿಂತುಬಿಡುತ್ತದೆ. ಅಂಗಡಿಯವರು ಪಾಪ ಬದಲಿಗೆ ಇನ್ನೊಂದು ಕೊಡುತ್ತಾರೆ. ಅದೂ ಹಾಗೇ ತೋರಿಸುತ್ತದೆ. ಹೆಚ್ಚಿನ ಸಲ ಆ ಎರಡರಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿರುವ ಗೇಜಿಗೂ ಟ್ಯಾಂಕಿಗೆ ಇಳಿಸಿದ ಪಾರ್ಟಿಗೂ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಲೆಕ್ಕ ಹೊಂದಿರುವುದಿಲ್ಲ, ಅಥವಾ ಅರ್ಥ್, ಅಂದರೆ ಗಾಡಿಯ ಬಾಡಿಯ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸಾಗುವ ದಾರಿ, ಸರಿ ಇರುವುದಿಲ್ಲ. ಆದ್ದರಿಂದ ಮೂರನೆಯ ಫ್ಲೋಟ್‌ಗೆ ದುಡ್ಡು ಹಾಕುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಅರ್ಧ ದಿನ ಕೂರುವುದು ಮೇಲು.

ಅಂಗಡಿಯಲ್ಲಿ ಇಡೀ ಜೋಡಣೆಗೇ ಫ್ಲೋಟ್ ಎನ್ನುತ್ತಾರೆ. ಮುಂದಿನ ವಿವರದಲ್ಲಿ ಗೊಂದಲ ಆಗದಿರಲಿ ಎಂದು ಇಡೀ ಜೋಡಣೆಗೆ ಟ್ಯಾಂಕ್ ಯೂನಿಟ್ ಎಂದೂ, ಪೆಟ್ರೋಲ್ ಮೇಲೆ ತೇಲುವ ಭಾಗಕ್ಕೆ ಮಾತ್ರ ಫ್ಲೋಟ್ ಎಂದೂ ಬರೆಯಲಾಗಿದೆ. ಫ್ಲೋಟ್ ಏರಿಳಿದಂತೆ ಅದರ ತೋಳು ಒಂದು ಕಾಂಟ್ಯಾಕ್ಟನ್ನು ರೆಸಿಸ್ಟೆನ್ಸ್ ತಂತಿಯ ಮೇಲೆ ಜಾರಿಸಿ ಓಮ್ ಬದಲಿಸುತ್ತದೆ, ಅದಕ್ಕೆ ತಕ್ಕಂತೆ ಗೇಜಿನ ಮುಳ್ಳು ಸರಿಯುತ್ತದೆ.

ಮೊದಲು ಎಚ್ಚರಿಕೆ. ಕೆಲಸ ಬಯಲಲ್ಲೇ ಆಗಬೇಕು, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಯೂನಿಟ್ ಬಿಚ್ಚುವ ಮುಂಚೆ ಬ್ಯಾಟರಿಯ ಅರ್ಥ್ ಕೇಬಲ್ ಕಳಚಿಡಿ. ಬಾಯಿ ತೆರೆದ ಟ್ಯಾಂಕಿನ ಹತ್ತಿರ ಟೆಸ್ಟ್ ಲ್ಯಾಂಪು, ಸೋಲ್ಡರಿಂಗ್ ಐರನ್, ಬೀಡಿ ಯಾವುದೂ ಸುಳಿಯಬಾರದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ, ಏಕೆಂದರೆ ಒಳಗಿರುವುದೆಲ್ಲ ಗಾಳಿ ಬೆರೆತ ಪೆಟ್ರೋಲ್ ಆವಿ.

ಗೇಜ್ ಯಾವ ಜಾತಿಯದು

ಸ್ವಿಚ್ ಆನ್ ಮಾಡಿ ಮುಳ್ಳನ್ನೇ ನೋಡಿ. ತಟ್ಟನೆ ಎದ್ದು ಜಾಗಕ್ಕೆ ಹೋಗಿ, ಗಾಡಿ ಕುಲುಕಿದಾಗ ತಾನೂ ಕುಲುಕಿದರೆ ಅದು ಕಾಯಿಲ್ ಗೇಜ್ (ತಂತಿ ಸುರುಳಿಯ ಅಯಸ್ಕಾಂತ ಮುಳ್ಳನ್ನು ಎಳೆಯುವಂಥದ್ದು). ಅರ್ಧ ನಿಮಿಷ ತೆಗೆದುಕೊಂಡು ನಿಧಾನಕ್ಕೆ ಏರಿದರೆ ಬೈಮೆಟಲ್ ಗೇಜ್. ಬೈಮೆಟಲ್‌ನೊಳಗೆ ಒಂದು ಲೋಹದ ಪಟ್ಟಿಗೆ ಸುತ್ತಿದ ಹೀಟರ್ ತಂತಿ ಇರುತ್ತದೆ. ಕರೆಂಟ್ ಹರಿದಷ್ಟೂ ಪಟ್ಟಿ ಕಾದು ಬಾಗುತ್ತದೆ, ಬಾಗಿದಷ್ಟೂ ಮುಳ್ಳು ಏರುತ್ತದೆ.

ಬ್ರಿಟಿಷ್ ಮೂಲದ ಸ್ಮಿತ್ಸ್ ಗೇಜುಗಳಲ್ಲಿ ಎರಡೂ ಜಾತಿ ಉಂಟು. ಹಳೆಯ ಕಾಯಿಲ್ ನಮೂನೆಗೆ ಖಾಲಿಯಲ್ಲಿ ಹೆಚ್ಚುಕಡಿಮೆ ಸೊನ್ನೆ ಓಮ್, ಫುಲ್‌ನಲ್ಲಿ 70ರಿಂದ 90 ಓಮ್ ಬೇಕು. ಆಮೇಲೆ ಬಂದ ಬೈಮೆಟಲ್ ನಮೂನೆಗೆ ತದ್ವಿರುದ್ಧ: ಖಾಲಿಯಲ್ಲಿ 240 ಓಮ್ ಆಸುಪಾಸು, ಫುಲ್‌ನಲ್ಲಿ 20ರಿಂದ 30. ಒಂದರ ಯೂನಿಟ್ ಇನ್ನೊಂದಕ್ಕೆ ಹಾಕಿದರೆ ಟ್ಯಾಂಕ್ ತುಂಬಿದಷ್ಟೂ ಮುಳ್ಳು ಇಳಿಯುತ್ತದೆ. ಇಂಥ ಗಾಡಿಗೆ ‘ವೈರ್ ಉಲ್ಟಾ ಆಗಿದೆ’ ಎಂದು ವೈರಿಂಗ್ ಪೂರ್ತಿ ಬಿಚ್ಚಿಸುವವರಿದ್ದಾರೆ. ವೈರ್ ಇರುವುದೇ ಒಂದು, ಅದರಲ್ಲಿ ಉಲ್ಟಾ ಆಗುವುದೇನು?

ಅರವತ್ತು ವರ್ಷದ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಗೇಜ್ ಮೂಲದ್ದೇ ಎಂದು ನಂಬಬೇಡಿ. ಅಂಬಾಸಿಡರ್ ಮಾರ್ಕ್ 2 ಗಾಡಿಗೆ ಮುಂದಿನ ಮಾಡೆಲ್‌ನ ಮೀಟರ್ ಕನ್ಸೋಲ್ ಕೂರಿಸಿರುವುದು ಮಾಮೂಲು. ಪುಸ್ತಕ ಹೇಳುವುದಕ್ಕಿಂತ ನಿಮ್ಮ ಕಣ್ಣೆದುರಿನ ಮುಳ್ಳು ಹೇಗೆ ಏರುತ್ತದೆ ಎನ್ನುವುದೇ ಮುಖ್ಯ.

ಟ್ಯಾಂಕಿನ ವೈರ್ ಕಳಚಿ ಒಂದು ಪರೀಕ್ಷೆ

ಯೂನಿಟ್ ಬಿಚ್ಚದೆ, ಅದರ ಟರ್ಮಿನಲ್‌ನಿಂದ ವೈರ್ ಮಾತ್ರ ಕಳಚಿ, ಸ್ವಿಚ್ ಆನ್ ಮಾಡಿ. ಬೈಮೆಟಲ್ ಆದರೆ ಮುಳ್ಳು ಖಾಲಿಗಿಂತ ಕೆಳಗೆ ಬೀಳಬೇಕು. ಸ್ಮಿತ್ಸ್ ಮಾದರಿಯ ಕಾಯಿಲ್ ಗೇಜ್ ಆದರೆ ಫುಲ್ ದಾಟಬೇಕು. ಹಾಗಾಗದೆ ಬೈಮೆಟಲ್ ಮುಳ್ಳು ಇನ್ನೂ ಏನೋ ತೋರಿಸುತ್ತಿದ್ದರೆ, ಡಿಕ್ಕಿಯಿಂದ ಡ್ಯಾಶ್‌ಬೋರ್ಡಿನವರೆಗಿನ ವೈರ್ ಎಲ್ಲೋ ಗಾಡಿಯ ಬಾಡಿಗೆ ತಾಗುತ್ತಿದೆ. ಆಗ ಅದರ ಎರಡೂ ತುದಿ ಬಿಚ್ಚಿ, ವೈರ್‌ಗೂ ಬಾಡಿಗೂ ನಡುವೆ ಓಮ್ ಅಳೆಯಿರಿ. ಮೀಟರ್ ಏನೂ ತೋರಿಸಬಾರದು. ಸೀಟಿನ ಕೆಳಗೆ, ಬಾಗಿಲ ಕೆಳಗಿನ ಸಿಲ್ ಪಟ್ಟಿಯ ಬಳಿ, ಹಳೇ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್‌ಗಳನ್ನು ಮೊದಲು ನೋಡಿ.

ಇದೇ ಜಾಗದಲ್ಲಿ ಬಹಳ ಮಂದಿ ವೈರನ್ನು ನೇರ ಬಾಡಿಗೆ ಮುಟ್ಟಿಸಿ ‘ಗೇಜ್ ಓಕೆ’ ಎನ್ನುತ್ತಾರೆ. ಮುಟ್ಟಿಸಿದರೆ ಗೇಜ್ ಅಲ್ಲಾಡುತ್ತದೆ ಎಂದಷ್ಟೇ ಗೊತ್ತಾಗುತ್ತದೆ, ಸರಿಯಾಗಿ ಅಳೆಯುತ್ತದೋ ಎಂದು ಗೊತ್ತಾಗುವುದಿಲ್ಲ. ಅದರ ಮೇಲೆ, ಬೈಮೆಟಲ್ ಗೇಜ್ ಹಾಗೇ ಮುಟ್ಟಿಸಿಕೊಂಡು ನಿಂತರೆ ಹೀಟರ್ ತಂತಿ ಸುಡಬಹುದು, ಪಟ್ಟಿ ಶಾಶ್ವತವಾಗಿ ಬಾಗಬಹುದು. ಬದಲಿಗೆ 22, 68 ಮತ್ತು 240 ಓಮ್‌ನ ಮೂರು ರೆಸಿಸ್ಟರ್ ತನ್ನಿ. ಒಂದು ವ್ಯಾಟಿನವು ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 240 ಸಿಗದಿದ್ದರೆ 220 ಮತ್ತು 22 ಅನ್ನು ಸರಣಿಯಲ್ಲಿ ಜೋಡಿಸಿ. ವೈರ್ ತುದಿಗೂ ಬಾಡಿಗೂ ನಡುವೆ ಒಂದೊಂದನ್ನೇ ಇಟ್ಟು, ಪ್ರತಿ ಸಲ ಎರಡು ನಿಮಿಷ ಕಾಯಿರಿ. ಸ್ಮಿತ್ಸ್ ಬೈಮೆಟಲ್ ಗೇಜ್ 22ಕ್ಕೆ ಫುಲ್, 68ಕ್ಕೆ ಅರ್ಧದ ಹತ್ತಿರ, 240ಕ್ಕೆ ಖಾಲಿ ತೋರಿಸಬೇಕು. ತೋರಿಸಿತೆಂದರೆ ಗೇಜ್, ವೈರ್, ಸ್ಟೆಬಿಲೈಸರ್ (ಗೇಜಿನ ವೋಲ್ಟೇಜ್ ಹದದಲ್ಲಿಡುವ ಡಬ್ಬಿ) ಮೂರೂ ಪಾಸು, ತಪ್ಪು ಟ್ಯಾಂಕಿನ ಕಡೆಯದು. ಕಾಯಿಲ್ ಗೇಜಿಗೆ ಇದೇ ಪರೀಕ್ಷೆಯನ್ನು 0, 33 ಮತ್ತು 82 ಓಮ್‌ನಲ್ಲಿ ಮಾಡಿ. ಸೊನ್ನೆಗೆ ಖಾಲಿ, 33ಕ್ಕೆ ನಡುಭಾಗ, 82ಕ್ಕೆ ಫುಲ್ ಸುತ್ತಮುತ್ತ ಬಂದರೆ ಸಾಕು.

ಪೆಟ್ರೋಲ್ ಮುಳ್ಳಿನ ಜೊತೆಗೆ ಟೆಂಪರೇಚರ್ ಮುಳ್ಳೂ ಹೆಚ್ಚು ತೋರಿಸುತ್ತಿದೆಯೇ? ಹಾಗಿದ್ದರೆ ಟ್ಯಾಂಕ್ ಕಡೆ ಹೋಗಲೇಬೇಡಿ. ಡ್ಯಾಶ್‌ಬೋರ್ಡಿನ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರ್ ಹೋಗಿದೆ, ಅಥವಾ ಅದರ ಡಬ್ಬಿಗೆ ಅರ್ಥ್ ಸಿಗುತ್ತಿಲ್ಲ. ಬೈಮೆಟಲ್ ಗೇಜಿಗೆ ಸರಾಸರಿ 10 ವೋಲ್ಟ್ ಕೊಡುವುದು ಅದರ ಕೆಲಸ. ಅರ್ಥ್ ತಪ್ಪಿದರೆ ಬ್ಯಾಟರಿಯ ವೋಲ್ಟೇಜ್ ಪೂರ್ತಿ ಹಾದುಹೋಗುತ್ತದೆ. ಹೀಟರಿನ ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. 12 ವೋಲ್ಟಿಗೆ 44 ಶೇಕಡಾ ಹೆಚ್ಚು ಬಿಸಿ, ಎಂಜಿನ್ ಓಡುತ್ತ 14 ವೋಲ್ಟ್ ಬಂದಾಗ ಸುಮಾರು ಎರಡು ಪಟ್ಟು. ಆಕ್ಸಿಲರೇಟರ್ ಒತ್ತಿದಾಗ ಅಥವಾ ಹೆಡ್‌ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳು ಸರಿಯುವುದಾದರೆ ಕಾರಣ ಇದೇ. ಹಳೆಯ ಸ್ಟೆಬಿಲೈಸರ್ ಆನ್-ಆಫ್ ಆಗುತ್ತ ಬಡಿಯುವಂಥದ್ದು, ಡಿಜಿಟಲ್ ಮೀಟರ್ ಅದರ ಮೇಲೆ ಅರ್ಥವಿಲ್ಲದ ಅಂಕಿ ಕುಣಿಸುತ್ತದೆ. ಮುಳ್ಳಿನ ಮೀಟರ್ ಬಳಸಿ. ಬದಲಾಯಿಸುವುದಾದರೆ 7810 ರೆಗ್ಯುಲೇಟರ್ ಐಸಿ ಹಾಕಿ ಮಾಡಿದ್ದು ಚೆನ್ನಾಗಿ ನಡೆಯುತ್ತದೆ, ಆದರೆ ಅದನ್ನು ಲೋಹದ ತಟ್ಟೆಗೆ ಕಚ್ಚಿಸಿ ಬಿಸಿ ಹೋಗಲು ದಾರಿ ಮಾಡಬೇಕು. ಕಾಯಿಲ್ ಗೇಜಿಗೆ ಸ್ಟೆಬಿಲೈಸರ್ ಬೇಡ.

ಅರ್ಥ್: ಬಣ್ಣ ಹೊಡೆಸಿದ ಗಾಡಿಯ ರೋಗ

ರಿಸ್ಟೋರ್ ಮಾಡಿಸಿದ ಗಾಡಿಯಲ್ಲಿ ಟ್ಯಾಂಕಿಗೆ ಹೊಸ ಬಣ್ಣ ಇರುತ್ತದೆ, ಟ್ಯಾಂಕ್ ಕಟ್ಟಿದ ಪಟ್ಟಿಯ ಕೆಳಗೆ ಹೊಸ ರಬ್ಬರ್, ಯೂನಿಟ್ ಕೆಳಗೆ ದಪ್ಪ ಪ್ಯಾಕಿಂಗ್, ಸ್ಕ್ರೂಗಳಿಗೆ ಗ್ಯಾಸ್ಕೆಟ್ ಪೇಸ್ಟ್. ನೋಡಲು ಅಚ್ಚುಕಟ್ಟು. ಆದರೆ ಕರೆಂಟ್ ವಾಪಸು ಹೋಗಲು ದಾರಿ ಇಲ್ಲ. ಸಿಗುವುದು ಯಾವುದೋ ಒಂದು ಸ್ಕ್ರೂವಿನ ದಾರದಲ್ಲಿ ಬಣ್ಣ ಸವೆದ ಅಂಚು, ಅದರಲ್ಲಿ ಹತ್ತೋ ಇಪ್ಪತ್ತೋ ಓಮ್.

ಈ ಹತ್ತಿಪ್ಪತ್ತು ಓಮ್ ಎರಡು ಜಾತಿಯ ಗೇಜಿನಲ್ಲಿ ಬೇರೆ ಬೇರೆ ಕಡೆ ಕಚ್ಚುತ್ತದೆ. ಬೈಮೆಟಲ್‌ನಲ್ಲಿ 240 ಇದ್ದದ್ದು 260 ಆದರೆ ಖಾಲಿಯ ಕಡೆ ಏನೂ ತಿಳಿಯುವುದಿಲ್ಲ. 25 ಇದ್ದದ್ದು 45 ಆದಾಗ ಫುಲ್ ಇರುವುದು ಮುಕ್ಕಾಲಿನ ಹತ್ತಿರ ನಿಲ್ಲುತ್ತದೆ. ಇದರಿಂದ ಕಿರಿಕಿರಿ ಅಷ್ಟೆ, ಅಪಾಯ ಇಲ್ಲ. ಕಾಯಿಲ್ ಗೇಜಿನಲ್ಲಿ ಕಥೆ ಬೇರೆ. ಖಾಲಿಗೆ ಸೊನ್ನೆ ಬೇಕಾದ ಕಡೆ ಹತ್ತು ಓಮ್ ಬಂದರೆ ಮುಳ್ಳು ಕೆಳಗೆ ಇಳಿಯುವುದೇ ಇಲ್ಲ. ಟ್ಯಾಂಕ್ ಒಣಗಿದ್ದರೂ ಒಂದಿಷ್ಟು ಪೆಟ್ರೋಲ್ ಇದೆ ಎನ್ನುತ್ತದೆ.

ಪರೀಕ್ಷೆ ಸುಲಭ. ಯೂನಿಟ್ ಬಿಗಿದು, ಟ್ಯಾಂಕ್ ಮುಚ್ಚಿ, ವೈರ್ ಕೂಡಿಸಿ ಸ್ವಿಚ್ ಆನ್ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಮೊನೆ ಯೂನಿಟ್‌ನ ಲೋಹದ ತಟ್ಟೆಗೆ, ಇನ್ನೊಂದು ಬ್ಯಾಟರಿಯ ಅರ್ಥ್ ಟರ್ಮಿನಲ್‌ಗೆ. ಈ ಸರ್ಕೀಟಿನಲ್ಲಿ ಹರಿಯುವುದು ಹೆಚ್ಚೆಂದರೆ ನೂರು ಮಿಲಿಆಂಪಿಯರ್ ಆಸುಪಾಸು, ಆದ್ದರಿಂದ 0.1 ವೋಲ್ಟ್ ಬಂದರೆ ಅರ್ಥ್‌ನಲ್ಲಿ ಒಂದು ಓಮ್ ಇದೆ ಎಂದು ಲೆಕ್ಕ, ಅಷ್ಟಕ್ಕೆ ಚಿಂತೆ ಬೇಡ. ಅರ್ಧ ವೋಲ್ಟ್ ದಾಟಿದರೆ ಬೇರೆ ಯಾವುದನ್ನೂ ಮುಟ್ಟುವ ಮೊದಲು ಅರ್ಥ್ ಸರಿಮಾಡಿ. ಯೂನಿಟ್ ಬಿಗಿಯುವ ಒಂದು ಸ್ಕ್ರೂವಿನ ಕೆಳಗೆ ರಿಂಗ್ ಲಗ್ (ವೈರ್ ತುದಿಗೆ ಹಾಕುವ ಉಂಗುರ) ಹಾಕಿ, 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದು, ಚಾಸಿಯ ಬಣ್ಣ ಕೆರೆದ ಜಾಗಕ್ಕೆ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ದಾವಣಗೆರೆ ಸುತ್ತಿನ ಎರೆ ಮಣ್ಣು ಗಾಡಿಯ ಕೆಳಗೆ ಮೆತ್ತಿಕೊಂಡರೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ, ಬರೀ ಲಗ್ ಬಿಟ್ಟರೆ ಒಂದು ಮಳೆಗಾಲಕ್ಕೆ ತುಕ್ಕು. ಸಾಧ್ಯವಿದ್ದರೆ ಲಗ್ಗನ್ನು ಡಿಕ್ಕಿಯ ಒಳಗೇ ಬಿಗಿಯಿರಿ.

ಯೂನಿಟ್ ಬಿಚ್ಚಿದ ಮೇಲಿನ ಓಮ್ ಲೆಕ್ಕ

ಹೊಸ ಯೂನಿಟ್ ಅನ್ನು ಟ್ಯಾಂಕಿಗೆ ಇಳಿಸುವ ಮೊದಲು ಮೇಜಿನ ಮೇಲೆ ಅಳೆಯಿರಿ. ಟ್ಯಾಂಕಿನಲ್ಲಿ ಹೇಗೆ ಕೂರುತ್ತದೋ ಹಾಗೇ ಹಿಡಿದು, ಫ್ಲೋಟನ್ನು ಕೆಳತುದಿಯಿಂದ ಮೇಲ್ತುದಿಗೆ ಬೆರಳಲ್ಲಿ ನಿಧಾನ ಏರಿಸುತ್ತ ಖಾಲಿ, ಕಾಲು, ಅರ್ಧ, ಮುಕ್ಕಾಲು, ಫುಲ್ ಐದು ಜಾಗದ ಓಮ್ ಬರೆದುಕೊಳ್ಳಿ. ಹಳೇ ಯೂನಿಟ್ ಎಸೆದಿಲ್ಲವಾದರೆ ಅದರದ್ದೂ ಪಕ್ಕದಲ್ಲೇ ಬರೆಯಿರಿ. ಹಳೆಯದು ಕೆಟ್ಟಿದ್ದರೂ ಬೇಡ ಎನ್ನಬೇಡಿ. ಅದರ ತಂತಿ ಸವೆಯುವುದು ನಡುಭಾಗದಲ್ಲಿ, ಎರಡು ತುದಿಯ ಅಂಕಿ ಹೆಚ್ಚಿನ ಸಲ ಇನ್ನೂ ಸರಿಯಾಗೇ ಸಿಗುತ್ತದೆ.

ಮಾರುಕಟ್ಟೆಯಲ್ಲಿ ‘ಯೂನಿವರ್ಸಲ್’ ಎಂದು ಸಿಗುವ ಯೂನಿಟ್ ಸಾಮಾನ್ಯವಾಗಿ 240ರಿಂದ 33 ಓಮ್‌ನದು. ಯುರೋಪಿನ ವಿಡಿಒ ಕಂಪನಿಯ ಪದ್ಧತಿಯದು 10ರಿಂದ 180, ಅಂದರೆ ಖಾಲಿಯಲ್ಲಿ ಕಮ್ಮಿ, ಫುಲ್‌ನಲ್ಲಿ ಜಾಸ್ತಿ. ಅಮೆರಿಕದ ಫೋರ್ಡ್ ಪದ್ಧತಿ ಖಾಲಿಗೆ 73, ಫುಲ್‌ಗೆ 10. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ದಾವಣಗೆರೆಯ ಪಿ.ಬಿ. ರಸ್ತೆಯ ಅಂಗಡಿಯಲ್ಲಾಗಲಿ ಡಬ್ಬಿಯ ಮೇಲೆ ಕಾರಿನ ಹೆಸರು ಇರುತ್ತದೆಯೇ ಹೊರತು ಓಮ್ ಇರುವುದಿಲ್ಲ. ಮೀಟರನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ ಕೌಂಟರಿನ ಮೇಲೇ ಅಳೆಯಿರಿ, ಅಂಗಡಿಯವರು ಮುಖ ನೋಡಿದರೆ ನೋಡಲಿ.

ಎರಡೂ ತುದಿಯ ಅಂಕಿ ಹೆಚ್ಚುಕಡಿಮೆ ಹೊಂದಿದರೂ ನಡುವೆ ತಪ್ಪು ತೋರಿಸುವುದು ಎಲ್ಲರನ್ನೂ ಸುಸ್ತು ಮಾಡುವ ದೋಷ. 240-33ರ ಯೂನಿವರ್ಸಲ್ ಯೂನಿಟ್ ಅರ್ಧದಲ್ಲಿ 103 ಓಮ್ ಕೊಡುತ್ತದೆ. ಸ್ಮಿತ್ಸ್ ಬೈಮೆಟಲ್ ಗೇಜಿಗೆ ಅರ್ಧಕ್ಕೆ ಬೇಕಾದದ್ದು 68ರ ಹತ್ತಿರ. ಹೀಗಾಗಿ ಅರ್ಧ ಟ್ಯಾಂಕ್ ಇದ್ದಾಗ ಮುಳ್ಳು ಅರ್ಧಕ್ಕಿಂತ ಎಷ್ಟೋ ಕೆಳಗಿರುತ್ತದೆ. ಫುಲ್‌ನಲ್ಲೂ 33 ಇರುವುದರಿಂದ ಗೆರೆ ಮುಟ್ಟದೆ ಸ್ವಲ್ಪ ಕೆಳಗೇ ನಿಲ್ಲುತ್ತದೆ. ಕಂಪನಿಯ ಮೂಲ ಯೂನಿಟ್‌ಗಳಲ್ಲಿ ರೆಸಿಸ್ಟೆನ್ಸ್ ತಂತಿಯನ್ನು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಪಟ್ಟಿಗೆ ಸುತ್ತುತ್ತಿದ್ದರು. ಗೇಜಿನ ಓರೆಕೋರೆ, ಟ್ಯಾಂಕಿನ ಆಕಾರ ಎರಡನ್ನೂ ಆ ಪಟ್ಟಿಯ ಆಕಾರವೇ ಸರಿದೂಗಿಸುತ್ತಿತ್ತು. ಈಗಿನ ಅಗ್ಗದ ಯೂನಿಟ್‌ನಲ್ಲಿ ಪಿಂಗಾಣಿ ಹಲಗೆಯ ಮೇಲೆ ಅಚ್ಚು ಹಾಕಿದ ಗೆರೆಗಳು. ತೋಳು ಸರಿದಂತೆ ಓಮ್ ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ. ಯೂನಿಟ್ ಕೆಟ್ಟಿಲ್ಲ, ಅದು ಈ ಗೇಜಿಗೆಂದು ಹುಟ್ಟಿದ್ದಲ್ಲ.

ರೆಸಿಸ್ಟರ್ ಸೇರಿಸಿ ಹೊಂದಿಸಬಹುದಲ್ಲ ಎಂದು ವೈರ್‌ಮನ್ ಹೇಳಬಹುದು. ಅರ್ಧ ನಿಜ. 73-10ರ ಗೇಜಿಗೆ 240-33ರ ಯೂನಿಟ್ ಇದೆ ಎನ್ನಿ. ಯೂನಿಟ್‌ಗೆ ಸಮಾಂತರವಾಗಿ 105 ಓಮ್ ಹಾಕಿದರೆ ಖಾಲಿಯಲ್ಲಿ 240 ಇಳಿದು 73 ಆಗುತ್ತದೆ, ಖಾಲಿ ಸರಿಹೋಯಿತು. ಆದರೆ ಫುಲ್‌ನಲ್ಲಿ 33 ಇಳಿದು 25ಕ್ಕೆ ನಿಲ್ಲುತ್ತದೆ, ಬೇಕಾದ 10ಕ್ಕೆ ಬರುವುದಿಲ್ಲ. ಒಂದು ರೆಸಿಸ್ಟರ್‌ನಿಂದ ಒಂದು ತುದಿ ಮಾತ್ರ ಸರಿಯಾಗುತ್ತದೆ. ಯಾವ ತುದಿ ಎಂದು ಕೇಳಿದರೆ ಖಾಲಿಯದ್ದೇ. ಫುಲ್ ಆಗಿದ್ದು ಬಂಕಿನವರು ಪಿಸ್ತೂಲು ತೆಗೆದಾಗಲೇ ಗೊತ್ತಾಗುತ್ತದೆ, ಅದನ್ನು ಮುಳ್ಳು ಹೇಳಬೇಕಾಗಿಲ್ಲ. ದಿಕ್ಕೇ ಉಲ್ಟಾ ಇರುವ ಯೂನಿಟ್ ಮಾತ್ರ ಯಾವ ರೆಸಿಸ್ಟರ್‌ಗೂ ಬಗ್ಗುವುದಿಲ್ಲ. ಅದಕ್ಕೆ ನಡುವೆ ಕೂರಿಸುವ ಎಲೆಕ್ಟ್ರಾನಿಕ್ ಹೊಂದಾಣಿಕೆ ಮಾಡ್ಯೂಲ್ ಬೇಕು, ಇಲ್ಲವೇ ಹಳೇ ಯೂನಿಟ್‌ಗೆ ಹೊಸ ತಂತಿ ಸುತ್ತಿಸಬೇಕು.

ಬೆರಳಲ್ಲಿ ಏರಿಸುವಾಗ ಅಂಕಿ ಎಲ್ಲಾದರೂ ಮಾಯವಾಗಿ ಮತ್ತೆ ಬಂದರೆ, ಆ ಜಾಗದಲ್ಲಿ ಜಾರುವ ಕಾಂಟ್ಯಾಕ್ಟ್ ತಂತಿಯನ್ನು ಮುಟ್ಟುತ್ತಿಲ್ಲ. ಹೊಸ ಯೂನಿಟ್ ಆದರೆ ವಾಪಸು ಕೊಡಿ. ಹಳೆಯದಾದರೆ ಕಾಂಟ್ಯಾಕ್ಟ್ ಎಲೆಯನ್ನು ಕೂದಲೆಳೆಯಷ್ಟು ಒಳಗೆ ಬಗ್ಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನೋಡಬಹುದು. ಎಮರಿ ಪೇಪರ್ ಮುಟ್ಟಿಸಬೇಡಿ, ಕೂದಲಿನಂಥ ತಂತಿ ಅದು. ಟರ್ಮಿನಲ್ ಎರಡಿದ್ದು ‘ಟಿ’, ‘ಡಬ್ಲ್ಯು’ ಎಂದಿದ್ದರೆ ಗೇಜಿನ ವೈರ್ ಟಿಗೆ, ರಿಸರ್ವ್ ದೀಪದ್ದು ಡಬ್ಲ್ಯುಗೆ.

ತೋಳಿನ ಅಳತೆ

ಓಮ್ ಹೊಂದಿದ ಮೇಲೂ ತಪ್ಪಿದರೆ ತೋಳನ್ನು ನೋಡಬೇಕು. ಟ್ಯಾಂಕಿನ ಒಳ ಆಳ 20 ಸೆಂ.ಮೀ. ಇದ್ದು, ತೋಳು ಮೇಲೆ 45, ಕೆಳಗೆ 45 ಡಿಗ್ರಿ ಆಡುವುದಾದರೆ, ತಿರುಗುವ ಕೀಲು ಮೇಲಿನಿಂದ 10 ಸೆಂ.ಮೀ. ಕೆಳಗಿರಬೇಕು, ತೋಳು 14 ಸೆಂ.ಮೀ. ಉದ್ದ ಇರಬೇಕು. ಯೂನಿವರ್ಸಲ್ ಯೂನಿಟ್‌ಗೆ ಇದೇ ಸೂತ್ರ: ಕೀಲು ಅರ್ಧ ಆಳಕ್ಕೆ, ತೋಳು ಆಳದ 0.7 ಪಟ್ಟು. ಫ್ಲೋಟಿನ ದಪ್ಪಕ್ಕೂ ತಳದ ಕಸಕ್ಕೂ ಜಾಗ ಬಿಡಬೇಕಾದ್ದರಿಂದ ಇದರಲ್ಲಿ ಒಂದು ಸೆಂಟಿಮೀಟರ್ ಕಡಿಮೆ ಹಿಡಿಯಿರಿ. ತೋಳು ಉದ್ದವಾದರೆ ಫ್ಲೋಟ್ ತಳ ಮುಟ್ಟಿ ನಿಂತುಬಿಡುತ್ತದೆ, ಯೂನಿಟ್ ತನ್ನ 240ಕ್ಕೆ ಹೋಗುವುದೇ ಇಲ್ಲ, ಮುಳ್ಳು ಖಾಲಿ ತೋರಿಸುವುದಿಲ್ಲ. ತೀರಾ ಗಿಡ್ಡವಾದರೆ ಇನ್ನೂ ಬಹಳಷ್ಟು ಪೆಟ್ರೋಲ್ ಇರುವಾಗಲೇ ಖಾಲಿ ಎನ್ನುತ್ತದೆ.

ಖಾಲಿ ಟ್ಯಾಂಕಿಗೆ ಯೂನಿಟ್ ಇಳಿಸಿ ಬಿಗಿದು ಟರ್ಮಿನಲ್‌ನಲ್ಲಿ ಓಮ್ ಅಳೆದರೆ ಇದು ಗೊತ್ತಾಗುತ್ತದೆ. ಮೇಜಿನ ಮೇಲೆ 238 ಬಂದಿದ್ದು ಇಲ್ಲಿ 205 ಬಂದರೆ ಫ್ಲೋಟ್ ನೆಲಕ್ಕೆ ಕೂತಿದೆ ಎಂದರ್ಥ. ಗಾಡಿಯನ್ನು ಪಕ್ಕದಿಂದ ಅಲುಗಾಡಿಸಿ ಮತ್ತೆ ಅಳೆಯಿರಿ. ಅಂಕಿ ಪ್ರತಿ ಸಲ ಬೇರೆ ಬಂದರೆ ಫ್ಲೋಟ್ ಒಳಗಿನ ತಡೆತಗಡಿಗೆ (ಪೆಟ್ರೋಲ್ ಕುಲುಕದಂತೆ ಹಾಕಿದ ಅಡ್ಡ ತಗಡು) ಉಜ್ಜುತ್ತಿದೆ. ಸ್ಕ್ರೂ ತೂತುಗಳು ಸಮ ಅಂತರದಲ್ಲಿರುವ ಯೂನಿಟ್ ಯಾವ ಕೋನಕ್ಕೆ ತಿರುಗಿಸಿದರೂ ಕೂರುತ್ತದೆ, ಆದರೆ ತೋಳಿಗೆ ಸರಿಯಾದ ದಿಕ್ಕು ಒಂದೇ. ಜ್ಯಾಕ್ ಕೊಟ್ಟೋ ಕಲ್ಲು ಬಡಿದೋ ಟ್ಯಾಂಕಿನ ತಳ ಒಳಕ್ಕೆ ತಗ್ಗಿದ್ದರೂ ಇದೇ ಲಕ್ಷಣ.

ತೋಳು ಬಗ್ಗಿಸುವಾಗ ಕೀಲಿನ ಕಡೆಯ ತಂತಿಯನ್ನು ಒಂದು ಇಕ್ಕಳದಲ್ಲಿ ಹಿಡಿದು, ಇನ್ನೊಂದರಲ್ಲಿ ಫ್ಲೋಟಿನ ಕಡೆ ಬಗ್ಗಿಸಿ. ಬರಿಗೈಯಲ್ಲಿ ಒತ್ತಿದರೆ ಭಾರವೆಲ್ಲ ಕೀಲಿನ ಮೇಲೆ ಬಿದ್ದು ಕಾಂಟ್ಯಾಕ್ಟ್ ಎದ್ದುಹೋಗುತ್ತದೆ. 40 ಲೀಟರಿನ, 20 ಸೆಂ.ಮೀ. ಆಳದ ಪೆಟ್ಟಿಗೆ ಆಕಾರದ ಟ್ಯಾಂಕಿನಲ್ಲಿ ಫ್ಲೋಟಿನ ಒಂದು ಸೆಂಟಿಮೀಟರ್ ಎಂದರೆ ಎರಡು ಲೀಟರ್. ಅಷ್ಟಕ್ಕೆ ತೋಳು ಬಾಗಬೇಕಾದದ್ದು ನಾಲ್ಕೈದು ಡಿಗ್ರಿ ಮಾತ್ರ.

ಫ್ಲೋಟ್ ಮತ್ತು ಎಥನಾಲ್

ಬೆಂಡಿನ ಹಳೇ ಫ್ಲೋಟ್‌ಗಳಿಗೆ ಅರಗಿನ ವಾರ್ನಿಷ್ ಬಳಿದಿರುತ್ತಿದ್ದರು. ಬರೀ ಪೆಟ್ರೋಲ್‌ಗೆ ಅರಗು ಜಗ್ಗುವುದಿಲ್ಲ, ಎಥನಾಲ್‌ಗೆ ಕರಗಿಹೋಗುತ್ತದೆ. ಬಂಕಿನಲ್ಲಿ ಈಗ ಬರುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ವಾರ್ನಿಷ್ ಹೋದ ಬೆಂಡು ಪೆಟ್ರೋಲ್ ಹೀರಿ ಭಾರವಾಗಿ ಮುಳುಗುತ್ತ ಹೋಗುತ್ತದೆ. ಮೊದಲ ತಿಂಗಳು ಸರಿಯಿದ್ದ ಮುಳ್ಳು ಬರಬರುತ್ತ ಕಡಿಮೆ ತೋರಿಸತೊಡಗಿದರೆ ಇದನ್ನೇ ಅನುಮಾನಿಸಿ. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ, ಒಳಗೆ ಕುಳುಕುಳು ಎಂದರೆ ಬೆಸುಗೆ ಬಿಟ್ಟಿದೆ. ಒಳಗೆ ಪೆಟ್ರೋಲ್ ಇರುವ ಅದಕ್ಕೆ ಬೆಸುಗೆ ಹಾಕಿಸಲು ಹೋಗಬೇಡಿ, ಸಿಡಿಯುತ್ತದೆ. ಹೊಸದು ಹಾಕಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಲ್ಲಿ ಆ ನೀರು ಬೇರ್ಪಟ್ಟು ತಳದಲ್ಲಿ ಕೂರುತ್ತದೆ, ತೇವದಿಂದ ಯೂನಿಟ್‌ನ ತಂತಿಗೂ ಕಾಂಟ್ಯಾಕ್ಟ್‌ಗೂ ಹಸಿರು ಕಿಲುಬು ಹತ್ತಬಹುದು. ಮುಳ್ಳು ಕುಣಿದರೆ ಈ ಕಿಲುಬನ್ನೂ ಅನುಮಾನಿಸಿ.

ಬಂಕಿನಲ್ಲಿ ಕೊನೆಯ ಹೊಂದಾಣಿಕೆ

ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಸಮತಟ್ಟಾದ ಬಂಕಿಗೆ ಗಾಡಿ ತಳ್ಳಿಕೊಂಡೋ ಎಳೆಸಿಕೊಂಡೋ ಹೋಗಿ, ಗಿರಾಕಿ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ. ಮೊದಲು ಐದು ಲೀಟರ್ ಹಾಕಿಸಿ, ಗಾಡಿಯನ್ನು ಪಕ್ಕಕ್ಕೆ ತಳ್ಳಿ, ಸ್ವಿಚ್ ಆನ್ ಮಾಡಿ ಎರಡು ನಿಮಿಷ ಬಿಟ್ಟು ಮುಳ್ಳು ನೋಡಿ. ಆಗ ಮುಳ್ಳು ಸರಿಯಾಗಿ ಖಾಲಿ ಗೆರೆಯ ಮೇಲೆ ನಿಲ್ಲಬೇಕು. ಆ ಐದು ಲೀಟರೇ ನಿಮ್ಮ ರಿಸರ್ವ್. ಗೆರೆಗಿಂತ ಮೇಲಿದ್ದರೆ ಯೂನಿಟ್ ಮತ್ತೆ ಬಿಚ್ಚಿ ತೋಳು ಬಗ್ಗಿಸಬೇಕು. ಆ ಕೆಲಸ ಬಂಕಿನಲ್ಲಿ ಅಲ್ಲ, ಮನೆಗೆ ಬಂದು. ಖಾಲಿಯ ಗೆರೆ ಕೂತ ಮೇಲೆ ಹತ್ತತ್ತು ಲೀಟರ್ ಹಾಕಿಸುತ್ತ, ಮುಳ್ಳು ನಿಂತ ಜಾಗವನ್ನು ಗೇಜಿನ ಚಿತ್ರ ಬರೆದುಕೊಂಡ ಚೀಟಿಯಲ್ಲಿ ಗುರುತಿಸಿ. ಯೂನಿವರ್ಸಲ್ ಯೂನಿಟ್ ಇದ್ದರೆ ನಡುಭಾಗ ಹೇಗೂ ಸರಿ ಬರುವುದಿಲ್ಲ, ಆ ಚೀಟಿಯನ್ನು ಸನ್ ವೈಸರ್ ಹಿಂದೆ ಸಿಕ್ಕಿಸಿಡಿ.

ಬೈಮೆಟಲ್ ಗೇಜಿನ ಹಿಂದೆ ಎರಡು ಸಣ್ಣ ತೂತು, ಒಳಗೆ ಹಲ್ಲಿನ ಪಟ್ಟಿ ಕಾಣುತ್ತದೆ; ಕಾರ್ಖಾನೆಯಲ್ಲಿ ಮುಳ್ಳಿನ ಎರಡು ತುದಿ ಹೊಂದಿಸಲು ಬಿಟ್ಟದ್ದು. 22, 68, 240ರ ಪರೀಕ್ಷೆಯಲ್ಲಿ ಗೇಜೇ ಫೇಲಾಗಿದ್ದರೆ ಮಾತ್ರ ಅದಕ್ಕೆ ಕೈಹಾಕಿ, ಅದೂ ಆ ರೆಸಿಸ್ಟರ್‌ಗಳನ್ನೇ ಕಟ್ಟಿಕೊಂಡು, ಒಂದು ಸಲಕ್ಕೆ ಒಂದೇ ಹಲ್ಲು.